ಮಳೆಗಾಲ ಹುಡುಕಬೇಡಿ, ಗಾಳಿ ಯಾವ ಕಡೆಯದು ಅಂತ ನೋಡಿ

ಪ್ರಶ್ನೆ: ನಾವು ದಾವಣಗೆರೆ ಕಡೆಯೋರು, ಸೆಪ್ಟೆಂಬರಿಂದ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಲ್ಲಿ ಇದೀವಿ. ಬೆಳಗ್ಗೆ ಹಿತವಾದ ಬಿಸಿಲು, ಮಧ್ಯಾಹ್ನ ಒಲೆ ಮುಂದೆ ಕೂತಂಗೆ ಬಿಸಿಗಾಳಿ, ಸಂಜೆ ಜಾಕೆಟ್ ಹಾಕ್ಕೊಂಡ್ರೂ ನಡುಕ, ಎಲ್ಲಾ ಒಂದೇ ದಿನದಲ್ಲಿ. ಇಲ್ಲಿ ಮಳೆಗಾಲ ಯಾವಾಗ ಶುರು? ಫೋರ್‌ಕಾಸ್ಟ್ ಎಷ್ಟು ನಂಬಬಹುದು? ಎಲ್ ನಿನೊ ಇಲ್ಲೂ ಲೆಕ್ಕಕ್ಕೆ ಬರುತ್ತಾ? ಫೆಬ್ರವರಿಯಲ್ಲಿ ಅಪ್ಪ ಅಮ್ಮ ಬರ್ತಿದಾರೆ, ಅಪ್ಪ ರೈತರು, ಅವರನ್ನ ಕಾರಲ್ಲಿ ವೆಸ್ಟ್ ಕೋಸ್ಟ್‌ಗೆ ಕರ್ಕೊಂಡು ಹೋಗೋ ಆಸೆ ಇದೆ.

ಉತ್ತರ: ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು, ಯಾಕಂದ್ರೆ ನೀವು ಬರೆದಿರೋ ಆ ಒಂದು ದಿನದಲ್ಲೇ ಈ ದೇಶದ ಹವಾಮಾನದ ಮುಕ್ಕಾಲು ಪಾಲು ಕಥೆ ಇದೆ. ನಾನು ಹವಾಮಾನ ಓದಿದೋನು, ಹದಿನೆಂಟು ವರ್ಷದಿಂದ ಇಲ್ಲೇ ಅದೇ ಕೆಲಸದಲ್ಲಿದೀನಿ, ಹೊಸದಾಗಿ ಬಂದ ನಮ್ಮ ಕನ್ನಡದೋರಿಗೆಲ್ಲ ಮೊದಲು ಹೇಳೋದು ಒಂದೇ: ಇಲ್ಲಿ ಮಳೆಗಾಲ ಹುಡುಕೋದು ಬಿಟ್ಟುಬಿಡಿ, ಬೆಳಗ್ಗೆ ಎದ್ದ ತಕ್ಷಣ ಗಾಳಿ ಯಾವ ಕಡೆಯಿಂದ ಬರ್ತಿದೆ ಅಂತ ನೋಡಿ.

ನಮ್ಮೂರಲ್ಲಿ ಜೂನ್ ಬಂತು ಅಂದ್ರೆ ಗಾಳಿ ನೈಋತ್ಯದಿಂದ ಬೀಸೋಕೆ ಶುರುವಾಗುತ್ತೆ, ಆಮೇಲೆ ನಾಲ್ಕು ತಿಂಗಳು ಹೆಚ್ಚುಕಮ್ಮಿ ಅದೇ ದಿಕ್ಕು. ಅದಕ್ಕೇ ನಮ್ಮಲ್ಲಿ ಕ್ಯಾಲೆಂಡರ್ ಕೆಲಸ ಮಾಡುತ್ತೆ, ಮಳೆಗೆ ನಕ್ಷತ್ರದ ಹೆಸರಿಡೋಕೆ ಆಗುತ್ತೆ, ಅದರ ಮೇಲೆ ಗಾದೆ ಹುಟ್ಟುತ್ತೆ. ನ್ಯೂಜಿಲೆಂಡ್ ಇರೋದು ದಕ್ಷಿಣ ಅಕ್ಷಾಂಶ 34ರಿಂದ 47 ಡಿಗ್ರಿ ನಡುವೆ, ಪಶ್ಚಿಮದ ಗಾಳಿ ವರ್ಷವಿಡೀ ಓಡೋ ಪಟ್ಟಿಯಲ್ಲಿ. ಹಳೇ ಕಾಲದ ನಾವಿಕರು ಇದನ್ನ ರೋರಿಂಗ್ ಫಾರ್ಟೀಸ್ ಅಂತಿದ್ರು, ನಲವತ್ತನೇ ಡಿಗ್ರಿಯ ಅಬ್ಬರ ಅಂತ. ಭೂಗೋಳ ತಿರುಗಿಸಿ ಈ ಅಕ್ಷಾಂಶದಲ್ಲೇ ಬೆರಳು ಇಟ್ಕೊಂಡು ಒಂದು ಸುತ್ತು ಬನ್ನಿ, ದಕ್ಷಿಣ ಅಮೆರಿಕದ ಬಾಲ, ಟಾಸ್ಮೇನಿಯಾ, ಆಮೇಲೆ ನಾವು, ಅಷ್ಟೇ ನೆಲ, ಉಳಿದಿದ್ದೆಲ್ಲ ಸಮುದ್ರ, ಗಾಳಿಗೆ ಅಡ್ಡ ನಿಲ್ಲೋರೇ ಇಲ್ಲ.

ಆ ಗಾಳಿ ಜೊತೆ ಗಾಳಿಯ ಒತ್ತಡ ಹೆಚ್ಚಿರೋ, ಕಮ್ಮಿ ಇರೋ ವಲಯಗಳು, ಅಂದ್ರೆ ಹೈ ಪ್ರೆಶರ್, ಲೋ ಪ್ರೆಶರ್‌ಗಳು ರೈಲಿನ ಬೋಗಿ ಥರ ಒಂದರ ಹಿಂದೆ ಒಂದು ಪಶ್ಚಿಮದಿಂದ ಪೂರ್ವಕ್ಕೆ ಸಾಗ್ತವೆ. ಸರಾಸರಿ ಆರೇಳು ದಿನಕ್ಕೊಂದು ಹೈ ದಾಟಿ ಹೋಗುತ್ತೆ. ನಮ್ಮಲ್ಲಿ ಒಂದು ಕಾಲ ಅಂದ್ರೆ ನಾಲ್ಕು ತಿಂಗಳು, ಇಲ್ಲಿ ಒಂದು ಪೂರ್ತಿ ಚಕ್ರ ಮುಗಿಯೋಕೆ ಒಂದು ವಾರ ಸಾಕು. ಹೈ ತಲೆಮೇಲೆ ಇದ್ದಾಗ ತಿಳಿ ಆಕಾಶ, ಕಮ್ಮಿ ಗಾಳಿ. ಅದು ಪೂರ್ವಕ್ಕೆ ಜರುಗಿದ ಹಾಗೆ ಗಾಳಿ ಉತ್ತರದಿಂದ, ಆಮೇಲೆ ವಾಯವ್ಯದಿಂದ ಬೀಸ್ತಾ ಜೋರಾಗುತ್ತೆ, ಹಿಂದಿಂದ ಕೋಲ್ಡ್ ಫ್ರಂಟ್, ಅಂದ್ರೆ ತಣ್ಣನೆ ಗಾಳಿಯ ಮುಂದಿನ ಅಂಚು, ಬಂದು ದಾಟಿದ ಕೂಡ್ಲೇ ಗಾಳಿ ದಕ್ಷಿಣದಿಂದ ನುಗ್ಗಿ ಚಳಿ, ಮಳೆ, ಮತ್ತೆ ಹೊಸ ಹೈ. ನಿಮ್ಮ ಆ ದಿನ ಬೆಳಗ್ಗೆ ಹೈನ ಬಾಲ ಇತ್ತು, ಮಧ್ಯಾಹ್ನ ವಾಯವ್ಯ ಗಾಳಿ, ಸಂಜೆ ಫ್ರಂಟ್. ಅದರಲ್ಲೂ ವಸಂತದಲ್ಲಿ, ಅಂದ್ರೆ ಇಲ್ಲಿನ ಸೆಪ್ಟೆಂಬರ್‌ನಿಂದ ನವೆಂಬರ್, ಪಶ್ಚಿಮದ ಗಾಳಿ ಅತೀ ಜೋರು, ನೀವು ಸರಿಯಾಗಿ ಅದೇ ಹೊತ್ತಿಗೆ ಬಂದಿಳಿದಿದೀರ.

ಈಗ ಆ ಬಿಸಿಗಾಳಿ ವಿಷಯ. ಕ್ಯಾಂಟರ್‌ಬರಿ ಅನ್ನೋ ನಮ್ಮ ಈ ಪ್ರಾಂತ್ಯದ ಜನ ಇದನ್ನ ನಾರ್ವೆಸ್ಟರ್ ಅಂತಾರೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದು ಅರ್ಥ ಆದ್ರೆ ನಾವಿರೋ ಈ ದಕ್ಷಿಣ ದ್ವೀಪ, ಸೌತ್ ಐಲೆಂಡ್, ಅರ್ಧ ಅರ್ಥ ಆದಂಗೆ. ಆಸ್ಟ್ರೇಲಿಯಾಕ್ಕೂ ನಮಗೂ ಮಧ್ಯದ ಟಾಸ್ಮನ್ ಸಮುದ್ರದ ಮೇಲಿಂದ ತೇವ ತುಂಬ್ಕೊಂಡು ಗಾಳಿ ಬರುತ್ತೆ, ಎದುರಿಗೆ ಸದರ್ನ್ ಆಲ್ಪ್ಸ್ ಬೆಟ್ಟಸಾಲು ಗೋಡೆ ಥರ ನಿಂತಿದೆ, ಅದರ ತುತ್ತತುದಿ ಆವೊರಾಕಿ ಮೌಂಟ್ ಕುಕ್ 3,724 ಮೀಟರ್. ಗಾಳಿ ಮೇಲೇರಲೇಬೇಕು. ಸಮುದ್ರದ ದಡದಲ್ಲಿ 15 ಡಿಗ್ರಿ ಇತ್ತು ಅಂತ ಇಟ್ಕೊಳ್ಳಿ. ಒಣ ಗಾಳಿ ಏರುವಾಗ ಸಾವಿರ ಮೀಟರಿಗೆ 10 ಡಿಗ್ರಿ ತಣ್ಣಗಾಗುತ್ತೆ, ಹಾಗಾಗಿ 500 ಮೀಟರ್ ಹತ್ತಿರ ಮೋಡ ಕಟ್ಟೋ ಹೊತ್ತಿಗೆ 10 ಡಿಗ್ರಿ ಆಯ್ತು. ಮೋಡ ಕಟ್ಟೋಕೆ ಶುರುವಾದ ಮೇಲೆ ಆವಿ ನೀರಾಗುವಾಗ ಒಳಗಿನ ಶಾಖ ಬಿಟ್ಕೊಡುತ್ತೆ, ಅದರಿಂದ ತಣ್ಣಗಾಗೋದು ನಿಧಾನ ಆಗಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿಗೆ ಇಳಿಯುತ್ತೆ, 2,500 ಮೀಟರ್ ತಲುಪುವಾಗ ಮೈನಸ್ 2. ಅಷ್ಟರಲ್ಲಿ ನೀರೆಲ್ಲ ಪಶ್ಚಿಮದ ಇಳಿಜಾರಲ್ಲೇ ಸುರಿದು ಹೋಯ್ತು. ಈಗ ಅದೇ ಗಾಳಿ ಒಣಗಿಕೊಂಡು ಪೂರ್ವಕ್ಕೆ ಇಳಿಯುತ್ತೆ, ಇಳಿಯುವಾಗ ಸಾವಿರಕ್ಕೆ 10 ಡಿಗ್ರಿ ಲೆಕ್ಕದಲ್ಲಿ ಬಿಸಿಯಾಗ್ತಾ ಬಂದು ನಿಮ್ಮ ಮನೆ ಅಂಗಳ ಮುಟ್ಟುವಾಗ 23. ಹೊರಟಾಗ 15, ತಲುಪಿದಾಗ 23, ಮಧ್ಯೆ ಯಾರೂ ಬೆಂಕಿ ಹಾಕಿಲ್ಲ, ಆ ಎಂಟು ಡಿಗ್ರಿ ಗುಡ್ಡದ ಆಚೆ ಬಿದ್ದ ಮಳೆ ಬಿಟ್ಟುಕೊಟ್ಟಿದ್ದು. ನನಗೆ ಈಗ್ಲೂ ಈ ಲೆಕ್ಕ ಹೇಳುವಾಗ ಮೈ ಜುಂ ಅನ್ನುತ್ತೆ.

ಇದು ವಿಪರೀತಕ್ಕೆ ಹೋದ್ರೆ ಏನಾಗುತ್ತೆ ಅಂದ್ರೆ, 1973ರ ಫೆಬ್ರವರಿ 7ರಂದು ಇಂಥದೇ ಗಾಳಿಯಲ್ಲಿ ನಿಮ್ಮ ಪಕ್ಕದ ರಂಗಿಯೋರಾದಲ್ಲಿ 42.4 ಡಿಗ್ರಿ ದಾಖಲಾಯ್ತು, ಇವತ್ತಿಗೂ ಅದೇ ಈ ದೇಶದ ದಾಖಲೆ. ಈ ಗಾಳಿ ಬೀಸೋ ದಿನ ಪಶ್ಚಿಮದ ಕಡೆ ನೋಡಿ, ಬೆಟ್ಟದ ಸಾಲಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಒಂದು ಮೋಡ, ಅದರ ಕೆಳಗೆ ತೆಳ್ಳಗೆ ನೀಲಿ ಆಕಾಶ ಕಾಣುತ್ತೆ. ಅದನ್ನ ನಾರ್ವೆಸ್ಟ್ ಆರ್ಚ್ ಅಂತಾರೆ. ಅದು ಕಂಡ ದಿನ ಎಷ್ಟೇ ಸೆಕೆ ಇದ್ರೂ ಬ್ಯಾಗಲ್ಲಿ ಜಾಕೆಟ್ ಇರಲಿ, ಯಾಕಂದ್ರೆ ಹಿಂದೆ ಫ್ರಂಟ್ ಇರೋದು ಹೆಚ್ಚುಕಮ್ಮಿ ಖಾತ್ರಿ, ಗಾಳಿ ದಕ್ಷಿಣದಿಂದ ಬೀಸೋಕೆ ಶುರುವಾದ್ರೆ ಒಂದು ಗಂಟೆಯೊಳಗೆ ಹತ್ತು ಡಿಗ್ರಿ ಬೀಳೋದು ಇಲ್ಲಿ ಮಾಮೂಲು. ಬೆಂಕಿ ಬಗ್ಗೆಯೂ ಹುಷಾರಾಗಿರಿ, 2017ರ ಫೆಬ್ರವರಿಯಲ್ಲಿ, ಮತ್ತೆ 2024ರ ಫೆಬ್ರವರಿಯಲ್ಲಿ ಊರಂಚಿನ ಪೋರ್ಟ್ ಹಿಲ್ಸ್ ಹೊತ್ತಿ ಉರಿದಿದ್ದು ಇಂಥ ಒಣ ಗಾಳಿಯಲ್ಲೇ.

ಮಳೆ ಲೆಕ್ಕ ಕೇಳಿದ್ರೆ ಆಗುಂಬೆ ನೋಡಿದ ನಿಮ್ಮ ಅಪ್ಪನಿಗೂ ಆಶ್ಚರ್ಯ ಆಗ್ಬಹುದು. ಆಗುಂಬೆಯಲ್ಲಿ ವರ್ಷಕ್ಕೆ 7,600 ಮಿಲಿಮೀಟರ್ ಆಸುಪಾಸು ಅಲ್ವಾ, ಇಲ್ಲಿ ಮಿಲ್ಫರ್ಡ್ ಸೌಂಡಲ್ಲಿ ಸುಮಾರು 6,800. ಹೊಕಿಟಿಕಾ ಹಿಂದಿನ ಬೆಟ್ಟದಲ್ಲಿ ಕ್ರಾಪ್ ಅಂತ ಒಂದು ನದಿ ಇದೆ, ಅಲ್ಲಿ 1997-98ರಲ್ಲಿ ಹನ್ನೆರಡು ತಿಂಗಳಿಗೆ 18,442 ಮಿ.ಮೀ. ಸುರಿದಿದೆ. ಬೆಟ್ಟ ಇಳಿದು ಈ ಕಡೆ ಬಂದ್ರೆ ಕ್ರೈಸ್ಟ್‌ಚರ್ಚಿಗೆ ಆರುನೂರು ಚಿಲ್ಲರೆ, ಒಳನಾಡಿನ ಅಲೆಕ್ಸಾಂಡ್ರಾಗೆ ಸುಮಾರು 350. ಆಗುಂಬೆಯಿಂದ ಚಿತ್ರದುರ್ಗ, ಚಳ್ಳಕೆರೆಗೆ ಬಂದಂಗೆ, ಮಲೆನಾಡು ಬಯಲುಸೀಮೆ ಅದೇ ಸೂತ್ರ, ಗೋಡೆ ಮಾತ್ರ ಇನ್ನೂ ಎತ್ತರ, ದೂರ ಇನ್ನೂ ಕಮ್ಮಿ. ಇನ್ನೊಂದು ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಮಳೆ ವರ್ಷದ ಎಲ್ಲಾ ತಿಂಗಳಿಗೂ ಹಂಚಿಹೋಗಿದೆ. ವೆಸ್ಟ್ ಕೋಸ್ಟಲ್ಲಿ ವಸಂತದಲ್ಲಿ ಜಾಸ್ತಿ, ಚಳಿಗಾಲದಲ್ಲಿ ಸ್ವಲ್ಪ ಕಮ್ಮಿ, ಅಷ್ಟೇ.

ಇದನ್ನ ನಾನು ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದೆ, ಆದ್ರೆ ತಲೆಗೆ ಹತ್ತಿದ್ದು ಈ ಬೆಟ್ಟ ದಾಟೋ ಆರ್ಥರ್ಸ್ ಪಾಸ್ ರಸ್ತೆಯಲ್ಲಿ. ಬಂದ ಮೊದಲ ವರ್ಷ ಅಕ್ಟೋಬರಲ್ಲಿ ವೆಸ್ಟ್ ಕೋಸ್ಟಿನ ಗ್ರೇಮೌತಿಂದ ವಾಪಸ್ ಬರ್ತಿದ್ದೆ. ಒಟೀರಾ ಹತ್ರ ವೈಪರ್ ಫುಲ್ ಸ್ಪೀಡಲ್ಲಿ ಇದ್ರೂ ಮುಂದೆ ಏನೂ ಕಾಣ್ತಿರ್ಲಿಲ್ಲ, ಬಂಡೆ ಬಂಡೆಯಿಂದ ನೀರು ಬೆಳ್ಳಗೆ ಧುಮುಕ್ತಾ ಇತ್ತು, ಗಂಟೆಗೊಂದು ಹೊಸ ಜಲಪಾತ ಹುಟ್ತಿದೆಯೇನೋ ಅನ್ನೋ ಹಾಗೆ. ಪಾಸ್ ಎತ್ತರ 920 ಮೀಟರ್, ಅದನ್ನ ದಾಟಿ ಇಳಿಯೋಕೆ ಶುರು ಮಾಡಿದೆ, ಮಳೆ ತುಂತುರಾಯ್ತು, ಇನ್ನೊಂದಿಷ್ಟು ದೂರಕ್ಕೆ ರಸ್ತೆ ಒಣಗಿತ್ತು, ಕ್ಯಾಸಲ್ ಹಿಲ್ ಬಂಡೆಗಳ ಹತ್ರ ಕಾರ್ ನಿಲ್ಸಿ ಇಳಿದ್ರೆ ಬಿಸಿಗಾಳಿ ಮುಖಕ್ಕೆ ರಾಚ್ತು, ಹುಲ್ಲು ಚಿನ್ನದ ಬಣ್ಣಕ್ಕೆ ಒಣಗಿ ಮಲಗಿತ್ತು. ಹಿಂದೆ ತಿರುಗಿ ನೋಡಿದ್ರೆ ಬೆಟ್ಟದ ಮೇಲೆ ಮೋಡದ ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ನಿಂತಿತ್ತು, ಕದಲ್ತಿರ್ಲಿಲ್ಲ. ಒಂದು ಗಂಟೆಯೂ ಆಗಿರ್ಲಿಲ್ಲ, ನನ್ನ ಶರ್ಟಿನ ತೋಳು ಇನ್ನೂ ಒದ್ದೆ ಇತ್ತು.

ಇದರಿಂದಲೇ ಒಂದು ದೊಡ್ಡ ಅಪಾಯವೂ ಹುಟ್ಟುತ್ತೆ, ದಯವಿಟ್ಟು ಇದನ್ನ ಮನೆಯೋರಿಗೆಲ್ಲ ಹೇಳಿ. ಕ್ಯಾಂಟರ್‌ಬರಿ ಬಯಲಲ್ಲಿ ಹರಿಯೋ ವೈಮಕಾರಿರಿ, ರಕಾಯಾ ನದಿಗಳು ಹುಟ್ಟೋದು ಆ ಮಳೆ ಬೀಳೋ ಬೆಟ್ಟದಲ್ಲಿ. ನೀವು ದಡದಲ್ಲಿ ನಿಂತಾಗ ತಲೆ ಮೇಲೆ ಉರಿಬಿಸಿಲು, ಮೋಡ ಇಲ್ಲ, ಆದ್ರೂ ನದಿ ನೀರು ಏರುತ್ತೆ, ಬಗ್ಗಡ ಆಗುತ್ತೆ, ಕಲ್ಲು ಉರುಳೋ ಸದ್ದು ಕೇಳುತ್ತೆ. ನಮ್ಮೂರಲ್ಲಿ ಹೊಳೆ ಬರುತ್ತೆ ಅಂದ್ರೆ ಆಕಾಶ ಮೊದಲೇ ಹೇಳುತ್ತೆ, ಇಲ್ಲಿ ಆಕಾಶ ನೋಡಿ ನದಿಗೆ ಇಳಿಯೋ ಹಾಗಿಲ್ಲ. ನಾರ್ವೆಸ್ಟರ್ ಬೀಸ್ತಿರೋ ದಿನ ಮಕ್ಕಳನ್ನ ನದಿಯ ಜಲ್ಲಿ ದಿಬ್ಬಗಳ ಮೇಲೆ ಆಡೋಕೆ ಬಿಡ್ಲೇಬೇಡಿ.

ಅದೇ ಮಳೆಯೇ ಈ ದೇಶದ ದೀಪವನ್ನೂ ಉರಿಸುತ್ತೆ, ಅರ್ಧಕ್ಕಿಂತ ಹೆಚ್ಚು ಕರೆಂಟ್ ಬರೋದು ನೀರಿಂದ. ಬೆಟ್ಟ ದಾಟಿ ಚೆಲ್ಲಿದ ಮಳೆ, ಕರಗಿದ ಹಿಮ ಸೇರಿ ಟೆಕಪೊ, ಪುಕಾಕಿ ಥರದ ಸರೋವರ ತುಂಬ್ತವೆ.

ಇನ್ನು ದಿಕ್ಕಿನ ಗೊಂದಲ. ನಮಗೆ ಉತ್ತರ ಅಂದ್ರೆ ಹಿಮಾಲಯ, ಚಳಿ. ಇಲ್ಲಿ ಉಲ್ಟಾ, ಉತ್ತರದ ಗಾಳಿ ಬೆಚ್ಚಗೆ, ದಕ್ಷಿಣದ ಗಾಳಿ ಅಂಟಾರ್ಕ್ಟಿಕಾ ಕಡೆಯದು, ಎಲುಬು ಕೊರೆಯುತ್ತೆ. ಫೋರ್‌ಕಾಸ್ಟಲ್ಲಿ ಸದರ್ಲಿ ಅಂದ್ರೆ ದಕ್ಷಿಣದಿಂದ ಬರೋ ಗಾಳಿ, ದಕ್ಷಿಣಕ್ಕೆ ಹೋಗೋದಲ್ಲ. ಸೂರ್ಯನೂ ಆಕಾಶದ ಉತ್ತರ ಭಾಗದಲ್ಲೇ ಸಾಗ್ತಾನೆ, ಹಾಗಾಗಿ ಬಾಡಿಗೆ ಮನೆ ನೋಡುವಾಗ ಲಿವಿಂಗ್ ರೂಮ್ ಉತ್ತರಕ್ಕೆ ತೆರ್ಕೊಂಡಿದೆಯಾ ಅಂತ ನೋಡಿ, ಜೂನ್ ಜುಲೈಯಲ್ಲಿ ಹೀಟರ್ ಬಿಲ್ಲಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಬಾಡಿಗೆ ಮನೆಯ ಮುಖ್ಯ ಕೋಣೆಯನ್ನ 18 ಡಿಗ್ರಿಗೆ ತರೋ ಅಷ್ಟು ಹೀಟಿಂಗ್ ಇರ್ಲೇಬೇಕು ಅಂತ ಇಲ್ಲಿ ಕಾನೂನಿದೆ, ಇಲ್ಲ ಅಂದ್ರೆ ಕೇಳಿ, ಸುಮ್ನೆ ಸಹಿಸ್ಕೋಬೇಡಿ.

ಚಳಿ ಅಂದ ಮೇಲೆ ಸಮುದ್ರದ ಉಪಕಾರ ಹೇಳ್ಲೇಬೇಕು. ಈ ದೇಶದಲ್ಲಿ ಎಲ್ಲಿ ನಿಂತ್ರೂ ಸಮುದ್ರ ನೂರಮೂವತ್ತು ಕಿಲೋಮೀಟರೊಳಗೇ ಸಿಗುತ್ತೆ. ನೀರು ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ, ನಮ್ಮ ಹಂಡೆ ಒಲೆ ಥರ. ಕ್ರೈಸ್ಟ್‌ಚರ್ಚೂ ಕೆನಡಾದ ಟೊರಾಂಟೊವೂ ಸಮಭಾಜಕದಿಂದ ಹೆಚ್ಚುಕಮ್ಮಿ ಒಂದೇ ದೂರ, ಅಲ್ಲಿ ಚಳಿಗಾಲದ ಸರಾಸರಿಯೇ ಸೊನ್ನೆಗಿಂತ ಕೆಳಗೆ, ಇಲ್ಲಿ ಜುಲೈ ಸರಾಸರಿ ಆರು ಡಿಗ್ರಿ ಹತ್ರ. ಹಿಮ ಬೀಳೋದು ಅಪರೂಪ, 2011ರ ಆಗಸ್ಟಲ್ಲಿ ಮಾತ್ರ ದಕ್ಷಿಣದ ಗಾಳಿ ಎಷ್ಟು ಬಲವಾಗಿ ನುಗ್ಗಿತ್ತು ಅಂದ್ರೆ ಆಕ್ಲೆಂಡಲ್ಲೂ ಹಿಮದ ಹರಳು ಹಾರಾಡಿದ್ವು. ಸಮುದ್ರದ ಇನ್ನೊಂದು ಮುಖ ತೇವ: ಬೆಳಗ್ಗೆ ಕಿಟಕಿ ಗಾಜಿನ ಒಳಗಡೆ ನೀರಿಳಿಯೋದು ಕಾಣ್ತೀರ, ಒರೆಸಿ, ಚಳಿಯಿದ್ರೂ ಒಂದೈದತ್ತು ನಿಮಿಷ ಕಿಟಕಿ ತೆಗೀರಿ, ಅನ್ನ ಸಾರು ಮಾಡುವಾಗ ಎಕ್ಸಾಸ್ಟ್ ಹಾಕಿ, ಇಲ್ಲಾಂದ್ರೆ ಮೂಲೆಯಲ್ಲಿ ಬೂಷ್ಟು ಹಿಡಿಯುತ್ತೆ.

ಫೋರ್‌ಕಾಸ್ಟ್ ನಂಬಬಹುದಾ ಅಂದ್ರೆ, ಎರಡು ಮೂರು ದಿನದ್ದು ಧಾರಾಳವಾಗಿ ನಂಬಿ, ಐದನೇ ದಿನದ್ದು ಅಂದಾಜಿಗೆ ಇಟ್ಕೊಳ್ಳಿ, ಹತ್ತನೇ ದಿನದ ಮೋಡದ ಚಿತ್ರ ನೋಡಿ ಟಿಕೆಟ್ ಬುಕ್ ಮಾಡ್ಬೇಡಿ. ಫ್ರಂಟ್ ಬರೋದು ತಪ್ಪಲ್ಲ, ತಪ್ಪೋದು ಬರೋ ಗಂಟೆ, ಸಂಜೆ ಐದಕ್ಕೆ ಅಂದಿದ್ದು ಮಧ್ಯಾಹ್ನ ಎರಡಕ್ಕೇ ಬಂದಿರುತ್ತೆ. ಇಲ್ಲಿನ ಸರ್ಕಾರಿ ಹವಾಮಾನ ಸಂಸ್ಥೆ ಮೆಟ್‌ಸರ್ವಿಸ್‌ನೋರ ಆ್ಯಪಲ್ಲಿ ಬರೀ ಸೂರ್ಯ ಮೋಡದ ಐಕಾನ್ ನೋಡೋದಲ್ಲ, ಪ್ರೆಶರ್ ಮ್ಯಾಪ್ ತೆಗೀರಿ. ಗೆರೆಗಳು ಹತ್ತಿರ ಹತ್ತಿರ ಇದ್ರೆ ಗಾಳಿ ಜೋರು, ತ್ರಿಕೋನ ಹಲ್ಲಿರೋ ಗೆರೆ ಕೋಲ್ಡ್ ಫ್ರಂಟ್. ಟಾಸ್ಮನ್ ಸಮುದ್ರ ಸುಮಾರು ಎರಡು ಸಾವಿರ ಕಿಲೋಮೀಟರ್ ಅಗಲ, ಇವತ್ತು ಆಸ್ಟ್ರೇಲಿಯಾದ ಆಗ್ನೇಯ ಮೂಲೆಯಲ್ಲಿ ಇರೋದು ಸಾಮಾನ್ಯವಾಗಿ ನಾಳೆಯೋ ನಾಡಿದ್ದೋ ನಮ್ಮ ಬಾಗಿಲಿಗೆ. ಫೋನೇ ಇಲ್ದೆಯೂ ಒಂದು ಉಪಾಯ ಇದೆ: ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಲೋ ಪ್ರೆಶರ್ ನಿಮ್ಮ ಬಲಗಡೆ ಇರುತ್ತೆ. ಭಾರತದಲ್ಲಿ ಎಡಗಡೆ, ಭೂಮಿಯ ಈ ಅರ್ಧದಲ್ಲಿ ಬಲಗಡೆ. ಎಚ್ಚರಿಕೆಗಳಲ್ಲಿ ಆರೆಂಜ್ ಅಂದ್ರೆ ಪ್ಲಾನ್ ಬದಲಾಯಿಸಿ, ರೆಡ್ ಅಂದ್ರೆ ಜೀವಕ್ಕೆ ಕುತ್ತು, ಅದು ಅಪರೂಪಕ್ಕೆ ಬರುತ್ತೆ, ಬಂದಾಗ ಮರುಮಾತಿಲ್ಲದೆ ಪಾಲಿಸಿ.

ಎಲ್ ನಿನೊ, ಅಂದ್ರೆ ಸಮಭಾಜಕದ ಹತ್ರ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗೋದು, ಲೆಕ್ಕಕ್ಕೆ ಖಂಡಿತ ಬರುತ್ತೆ. ಎಲ್ ನಿನೊ ಬೇಸಿಗೆಯಲ್ಲಿ ಇಲ್ಲಿ ಪಶ್ಚಿಮದ ಗಾಳಿ ಹೆಚ್ಚು, ಅಂದ್ರೆ ಬೆಟ್ಟದ ಆಚೆ ಮಳೆ ಜಾಸ್ತಿ, ಈಚೆ ಪೂರ್ವದಲ್ಲಿ ಒಣ. 2023ರಲ್ಲಿ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗಿದ್ದು ನೆನಪಿದೆಯಲ್ಲ, ಅದೇ ಎಲ್ ನಿನೊ ಮುಂದುವರಿದು 2024ರ ಮಾರ್ಚಲ್ಲಿ ಇಲ್ಲಿ ಮಾರ್ಲ್‌ಬರೊ, ನೆಲ್ಸನ್ ಭಾಗಕ್ಕೂ ಸರ್ಕಾರ ಬರ ಘೋಷಣೆ ಮಾಡಿತು. ಒಂದೇ ಪೆಸಿಫಿಕ್ ಸಾಗರದ ನೀರು ಬಿಸಿಯಾಗಿದ್ದಕ್ಕೆ ನಮ್ಮೂರಿನ ಹೊಲಗಳೂ ಇಲ್ಲಿನ ಹೊಲಗಳೂ ಒಣಗಿದ್ವು. ಅದರ ಉಲ್ಟಾ ಲಾ ನಿನಾ, ಅಂದ್ರೆ ಅದೇ ನೀರು ತಣ್ಣಗಾಗೋದು, ಬಂದ್ರೆ ಈಶಾನ್ಯದ ಗಾಳಿ ಹೆಚ್ಚು, ನಾರ್ತ್ ಐಲೆಂಡಿನ ಉತ್ತರ ಪೂರ್ವ ಭಾಗ ನೆನೆಯುತ್ತೆ. ಮೂರು ವರ್ಷ ಎಳೆದ ಲಾ ನಿನಾ ಕೊನೆಯಲ್ಲಿ, 2023ರ ಜನವರಿ 27ರಂದು ಆಕ್ಲೆಂಡ್ ಮುಳುಗಿತು, ಏರ್‌ಪೋರ್ಟಲ್ಲಿ ಒಂದು ದಿನದೊಳಗೆ ಸುಮಾರು 245 ಮಿ.ಮೀ. ಮಳೆ, ಎರಡೇ ವಾರಕ್ಕೆ ಗೇಬ್ರಿಯೆಲ್ ಚಂಡಮಾರುತ ಬಂದು ಹಾಕ್ಸ್ ಬೇಯ ತೋಟಗಳನ್ನ ಹೂಳಿನಡಿ ಹಾಕಿ 11 ಜೀವ ತಗೊಂಡು ಹೋಯ್ತು. ಇದಕ್ಕೆ ಬರೀ ಲಾ ನಿನಾ ಕಾರಣ ಅನ್ನೋ ಹಾಗಿಲ್ಲ, ಸುತ್ತಲಿನ ಸಮುದ್ರ ಬಿಸಿಯಾಗಿತ್ತು, ಬಿಸಿ ಗಾಳಿ ಹೆಚ್ಚು ನೀರು ಹೊರುತ್ತೆ. ಒಂದು ಶತಮಾನದಲ್ಲಿ ಈ ದೇಶದ ಸರಾಸರಿ ಉಷ್ಣತೆ ಒಂದು ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಏರಿದೆ. ಫ್ರಾನ್ಜ್ ಜೋಸೆಫ್ ಗ್ಲೇಸಿಯರ್ ನೋಡೋಕೆ ಹೋದಾಗ ಅದು ಹಿಂದೆ ಸರಿದು ಬಿಟ್ಟುಹೋದ ಬೋಳು ಕಣಿವೆಯನ್ನ ಅಪ್ಪನಿಗೆ ತೋರ್ಸಿ, ನನಗಂತೂ ಅದನ್ನ ನೋಡಿದಾಗಲೆಲ್ಲ ಹೊಟ್ಟೆಯೊಳಗೆ ಸಂಕಟ ಆಗುತ್ತೆ.

ಅಪ್ಪ ರೈತರು ಅಂದ್ರಲ್ಲ, ಅವರಿಗೆ ಒಂದು ವಿಷಯ ತುಂಬಾ ಇಷ್ಟ ಆಗ್ಬಹುದು. ಇಲ್ಲಿನ ಮಾವೊರಿ ಜನರ ಹೊಸ ವರ್ಷ ಮಾಟಾರಿಕಿ, ನಡುಚಳಿಗಾಲದಲ್ಲಿ ನಸುಕಿನ ಹೊತ್ತು ಒಂದು ನಕ್ಷತ್ರಪುಂಜ ಮತ್ತೆ ಕಾಣಿಸ್ಕೊಂಡಾಗ ಬರುತ್ತೆ, 2022ರಿಂದ ಸರ್ಕಾರಿ ರಜೆಯೂ ಇದೆ. ಆ ಪುಂಜ ಬೇರೆ ಯಾವುದೂ ಅಲ್ಲ, ನಮ್ಮ ಕೃತ್ತಿಕೆ. ಅದರಲ್ಲಿ ಒಂದು ನಕ್ಷತ್ರ ವೈಪುನರಂಗಿ ಮಳೆಗೆ, ಉರುರಂಗಿ ಗಾಳಿಗೆ, ವೈಟಿ ಸಿಹಿನೀರಿಗೆ, ಯಾವುದು ಸ್ಪಷ್ಟ ಕಾಣುತ್ತೆ ಯಾವುದು ಮಸುಕು ಅನ್ನೋದರ ಮೇಲೆ ಆ ವರ್ಷ ಹೇಗಿರುತ್ತೆ ಅಂತ ಹಿರಿಯರು ಹೇಳ್ತಿದ್ರು. ಗಾಳಿಗೇ ಒಂದು ಬೇರೆ ನಕ್ಷತ್ರ ಇಟ್ಟಿದಾರೆ ನೋಡಿ.

ಟ್ರಿಪ್ ವಿಚಾರ. ಫೆಬ್ರವರಿ ಒಳ್ಳೇ ಆಯ್ಕೆ, ವಸಂತದ ಅಬ್ಬರ ಅಷ್ಟೊತ್ತಿಗೆ ಇಳಿದಿರುತ್ತೆ, ಹೈಗಳು ಸ್ವಲ್ಪ ನಿಧಾನಕ್ಕೆ ಸಾಗ್ತವೆ. ಒಂದೇ ದಿನ ಗಟ್ಟಿ ಮಾಡ್ಕೋಬೇಡಿ, ಒಂದು ವಾರ ಖಾಲಿ ಇಟ್ಕೊಳ್ಳಿ, ರೂಮ್ ಕ್ಯಾನ್ಸಲ್ ಮಾಡೋಕೆ ಆಗೋ ಥರದ್ದೇ ಬುಕ್ ಮಾಡಿ, ಪ್ರೆಶರ್ ಮ್ಯಾಪಲ್ಲಿ ಟಾಸ್ಮನ್ ಮೇಲೆ ದೊಡ್ಡ ಹೈ ಬಂದು ಕೂತಿರೋದು ಕಂಡ್ರೆ ಮಾರನೇ ದಿನ ಹೊರಡಿ. ಸದರ್ಲಿ ದಾಟಿದ ಮಾರನೇ ದಿನವೂ ಚೆನ್ನಾಗಿರುತ್ತೆ, ಆಗ ಮಳೆ ಬೀಳೋದು ನಮ್ಮ ಕಡೆ, ಬೆಟ್ಟದ ಆಚೆ ಎಷ್ಟೋ ಸಲ ತಿಳಿಯಾಗಿರುತ್ತೆ. ಸನ್‌ಸ್ಕ್ರೀನ್, ಟೋಪಿ ಮರೀಬೇಡಿ, ಇಲ್ಲಿನ ಬೇಸಿಗೆಯ ಯುವಿ ಉತ್ತರಾರ್ಧದ ಇಷ್ಟೇ ಅಕ್ಷಾಂಶದ ಊರುಗಳಿಗಿಂತ ಸುಮಾರು ಶೇ. 40 ಹೆಚ್ಚು. ದಾವಣಗೆರೆಯಲ್ಲಿ ಬಿಸಿಲು ಸುಡುವಾಗ ಸೆಕೆ ಹೇಳುತ್ತೆ ನೆರಳಿಗೆ ಹೋಗು ಅಂತ, ಇಲ್ಲಿ ತಂಗಾಳಿ ಬೀಸ್ತಿರುವಾಗಲೇ ಚರ್ಮ ಸುಟ್ಟಿರುತ್ತೆ. ಪಾಸ್ ದಾಟಿದ ಮೇಲೆ ಕ್ಯಾಸಲ್ ಹಿಲ್ ಹತ್ರ ವಾಪಸ್ ಬರುವಾಗ ಕಾರ್ ನಿಲ್ಸಿ, ಅಪ್ಪನನ್ನ ಇಳಿಸಿ ಹಿಂದೆ ತಿರುಗಿ ನೋಡೋಕೆ ಹೇಳಿ.